ಒಗೆದರೂ ಹೋಗದ ಘಮ: ಗ್ಯಾಲಕ್ಸೊಲೈಡ್ ಬಗ್ಗೆ ಒಂದಿಷ್ಟು ಮಾತು

ಅಧ್ಯಕ್ಷರೇ, ಗೆಳೆಯರೇ,

ಪರಿಚಯ ಮಾಡಿಕೊಟ್ಟವರು ನನ್ನನ್ನು ಪರಿಮಳದ ವೈರಿ ಅಂದರು. ಹಾಗೇನಿಲ್ಲ. ಒಗೆದು ಒಣಗಿಸಿದ ಬಟ್ಟೆಯ ಘಮ ನನಗೂ ಇಷ್ಟವೇ. ಆದರೆ ಆ ಘಮ ಮೂರನೆಯ ದಿನವೂ ಐದನೆಯ ದಿನವೂ ಹಾಗೇ ಇರುತ್ತದಲ್ಲ, ನನ್ನ ತಕರಾರು ಅಲ್ಲಿಂದ ಶುರು. ನೆನೆಸಿ, ಉಜ್ಜಿ, ಹಿಂಡಿ, ಬಿಸಿಲಿಗೆ ಹರವಿದ ಮೇಲೂ ಹೋಗಲಿಲ್ಲವೆಂದರೆ, ಹೋಗದಂಥದ್ದನ್ನೇ ಹುಡುಕಿ ಹಾಕಿದ್ದಾರೆ. ಉಳಿಯಲಿ ಅಂತ ಮಾಡಿದ್ದು ಉಳಿಯುತ್ತದೆ. ಬಟ್ಟೆಯಲ್ಲಿ ಮಾತ್ರ ಇರು, ಬೇರೆಲ್ಲೂ ಹೋಗಬೇಡ ಅಂತ ಅಣುವಿಗೆ ಬುದ್ಧಿ ಹೇಳಿ ಕಳಿಸೋಕ್ಕಾಗಲ್ಲ.

ಗ್ಯಾಲಕ್ಸೊಲೈಡ್ ಎಂಬ ಹೆಸರು ನಿಮ್ಮಲ್ಲಿ ಅನೇಕರಿಗೆ ಗೊತ್ತಿದೆ. ನಿಯಂತ್ರಣ ಸಂಸ್ಥೆಗಳ ಕಡತದಲ್ಲಿ ಅದು ಎಚ್‌ಎಚ್‌ಸಿಬಿ. 1960ರ ದಶಕದಲ್ಲಿ ಬಂದ ಕೃತಕ ಕಸ್ತೂರಿ. ಬಟ್ಟೆಯ ಡಿಟರ್ಜೆಂಟು, ಸಾಫ್ಟ್‌ನರು, ಶಾಂಪೂ, ಸೋಪು, ಲೋಶನ್ನು, ನೆಲ ಒರೆಸುವ ದ್ರವ, ಎಲ್ಲದರಲ್ಲೂ ಸಿಗುತ್ತದೆ. ಅಂಟಂಟಾದ ಮಂದ ದ್ರವ. ಸುರಿಯಲು ಬರಲಿ ಅಂತ ಬೇರೊಂದು ದ್ರಾವಕದಲ್ಲಿ ಕರಗಿಸಿಯೇ ಮಾರುತ್ತಾರೆ. ಇದರ ಮುಖ್ಯ ಗುಣ ಒಂದೇ: ನೀರೆಂದರೆ ಆಗದು, ಕೊಬ್ಬೆಂದರೆ ಪ್ರಾಣ. ನೀರಿಗೆ ಒಂದು ಪಾಲು ಹೋದರೆ ಎಣ್ಣೆಯಂಥ ದ್ರಾವಕಕ್ಕೆ ಲಕ್ಷಗಟ್ಟಲೆ ಪಾಲು. ಅದಕ್ಕೇ ಒಗೆದ ನೀರಿನ ಜೊತೆ ಪೂರ್ತಿ ಹೋಗದೆ ನೂಲಿಗೆ ಅಂಟಿ ಕೂರುತ್ತದೆ. ಅದೇ ಗುಣದಿಂದ ನಮ್ಮ ಕೊಬ್ಬಿಗೂ. ತಾಯಿಯ ಎದೆಹಾಲಿನಲ್ಲಿ, ರಕ್ತದಲ್ಲಿ, ಮೀನಿನಲ್ಲಿ ಇದು ಪತ್ತೆಯಾಗಿ ದಶಕಗಳೇ ಆದವು.

ಇನ್ನೊಂದು ತಮಾಷೆ. ಕೆಲವರ ಮೂಗಿಗೆ ಗ್ಯಾಲಕ್ಸೊಲೈಡಿನ ವಾಸನೆ ಗೊತ್ತೇ ಆಗುವುದಿಲ್ಲ. ಉಳಿದೆಲ್ಲ ಪರಿಮಳ ಗೊತ್ತಾಗುತ್ತದೆ, ಇದೊಂದು ಬಿಟ್ಟು. ಈ ಸಭಾಂಗಣದಲ್ಲೂ ಅಂಥವರು ಇದ್ದಾರು. ಸಾಫ್ಟ್‌ನರ್ ಎರಡು ಮುಚ್ಚಳ ಜಾಸ್ತಿ ಸುರಿಯುವವರು ಅವರೇ ಇರಬೇಕು ಅಂತ ನನ್ನ ಗುಮಾನಿ.

ಈಗ ಕಥೆಗೆ ಬರುತ್ತೇನೆ. ಕಸ್ತೂರಿ ಮೃಗದಿಂದ ಲ್ಯಾಬಿಗೆ ಹೇಗೆ ಬಂದೆವು ಅಂತ. 1888ರಲ್ಲಿ ಆಲ್ಬರ್ಟ್ ಬಾವರ್ ಎಂಬಾತ ಟಿಎನ್‌ಟಿ ಜಾತಿಯ ಸ್ಫೋಟಕದ ಕೆಲಸ ಮಾಡುತ್ತಿದ್ದ. ಸಿಡಿಯುವುದನ್ನು ಮಾಡಲು ಹೊರಟವನ ಪಾತ್ರೆಯಿಂದ ಕಸ್ತೂರಿಯ ವಾಸನೆ ಬಂತು. ಅಲ್ಲಿಂದ ನೈಟ್ರೋ ಕಸ್ತೂರಿಗಳ ವಂಶ. ಆ ವಂಶದ ಮಸ್ಕ್ ಆಂಬ್ರೆಟ್ ಹಚ್ಚಿಕೊಂಡು ಬಿಸಿಲಿಗೆ ಹೋದವರಲ್ಲಿ ಕೆಲವರ ಚರ್ಮ ಕೆರಳಿತು, ಇಲಿಗಳ ನರ ಕೆಟ್ಟಿತು. 1995ರಲ್ಲಿ ಯುರೋಪ್ ಅದನ್ನು ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿತು. ಅದೇ ವಂಶದ ಮಸ್ಕ್ ಕ್ಸೈಲೀನ್ ವಿಪರೀತ ಬಾಳಿಕೆ ಬರುತ್ತದೆ, ಜೀವಿಗಳಲ್ಲಿ ಶೇಖರವಾಗುತ್ತದೆ ಅನ್ನುವ ಕಾರಣಕ್ಕೇ ಯುರೋಪಿನಲ್ಲಿ 2014ಕ್ಕೆ ಬಾಗಿಲು ಹಾಕಿಕೊಂಡಿತು.

ಇವೆರಡರ ನಡುವೆ ಇನ್ನೊಂದಿದೆ. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಕೇಳಿದವರು ಕ್ಷಮಿಸಬೇಕು. ಎಇಟಿಟಿ ಅಂತ, ಅದೂ ಒಂದು ಕೃತಕ ಕಸ್ತೂರಿ. 1955ರಿಂದ ಸೋಪು, ಕ್ರೀಮು, ಶೇವಿಂಗ್ ಆದಮೇಲೆ ಹಚ್ಚುವ ಲೋಶನ್ನು, ಹೀಗೆ ಎಲ್ಲೆಲ್ಲೂ ಬಳಕೆಯಲ್ಲಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯಾರೂ ಒಂದು ಮಾತು ಆಡಲಿಲ್ಲ. 1970ರ ದಶಕದ ಕೊನೆಗೆ ಇಲಿಗಳಿಗೆ ಕೊಟ್ಟು ನೋಡಿದರು. ಮೊದಲು ಇಲಿಗಳು ಸಿಡುಕಾದವು. ಆಮೇಲೆ ಹಿಂಗಾಲು ಸೋತವು. ಕೊಯ್ದು ನೋಡಿದರೆ ಒಳಗಿನ ಅಂಗಗಳು ನೀಲಿ! ಮಿದುಳು ನೀಲಿ, ಬೆನ್ನುಹುರಿ ನೀಲಿ. ನರಗಳ ಮೇಲಿನ ಮೈಲಿನ್ ಹೊದಿಕೆ ಹಾಳಾಗಿತ್ತು. ಉದ್ಯಮದವರು ತಾವಾಗಿಯೇ ಅದನ್ನು ಕೈಬಿಟ್ಟರು, ಅದನ್ನು ಮೆಚ್ಚಲೇಬೇಕು. ಆದರೆ ಅಲ್ಲಿಯವರೆಗೆ ಆ ಇಪ್ಪತ್ತು ಚಿಲ್ಲರೆ ವರ್ಷ ‘ಇಷ್ಟು ದಿನ ಬಳಸಿಲ್ಲವೇ, ಯಾರಿಗೇನಾಯಿತು’ ಅನ್ನುವುದೇ ಸುರಕ್ಷತೆಗೆ ಪುರಾವೆಯಾಗಿತ್ತು. ಮನುಷ್ಯರಿಗೆ ಏನೂ ಆಗಿರಲಿಕ್ಕಿಲ್ಲ, ಒಪ್ಪಿದೆ. ಆದರೆ ಕೈಕಾಲು ಜೋಮು ಹಿಡಿದಿದೆ ಅಂತ ಬಂದವರನ್ನು ‘ಯಾವ ಸೋಪು ಹಾಕುತ್ತೀರಿ’ ಅಂತ ಯಾವ ಡಾಕ್ಟರು ಕೇಳುತ್ತಾರೆ ಹೇಳಿ?

ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಗ್ಯಾಲಕ್ಸೊಲೈಡ್ ಎಇಟಿಟಿ ಅಲ್ಲ. ಇಲಿಗಳಿಗೆ ದಿನಕ್ಕೆ ಕೆಜಿ ತೂಕಕ್ಕೆ 150 ಮಿಲಿಗ್ರಾಂವರೆಗೆ 90 ದಿನ ತಿನ್ನಿಸಿದರೂ ಗಂಭೀರ ತೊಂದರೆ ಕಾಣಲಿಲ್ಲ. ವಂಶವಾಹಿಗಳನ್ನು ಕೆಡಿಸುವ ಲಕ್ಷಣ ಪರೀಕ್ಷೆಗಳಲ್ಲಿ ಸಿಗಲಿಲ್ಲ. ನಮ್ಮ ಮೈಗೆ ತಗಲುವುದು ಅದರ ಎಷ್ಟೋ ಪಟ್ಟು ಕಡಿಮೆ. 2008ರ ಯುರೋಪಿನ ಮೌಲ್ಯಮಾಪನ ಬಳಕೆದಾರರಿಗೆ ಆತಂಕವಿಲ್ಲ ಎಂದಿತು. ಹಾಗಾಗಿ ನಾಳೆ ಬೆಳಗ್ಗೆ ಶಾಂಪೂ ಬಾಟಲಿಯನ್ನು ಕಿಟಕಿಯಿಂದಾಚೆ ಎಸೆಯಬೇಡಿ. ಕೆಳಗೆ ಯಾರಾದರೂ ಓಡಾಡುತ್ತಿರುತ್ತಾರೆ.

(ಮೈಕು ಕೇಳುತ್ತಿದೆಯಾ? ಸರಿ.)

ನನ್ನ ತಲೆ ತಿನ್ನುವುದು ಬೇರೆ. ಪರೀಕ್ಷೆ 90 ದಿನದ್ದು. ನಾವು ಹುಟ್ಟಿದ ವಾರದಿಂದ ಇದರಲ್ಲೇ ಇದ್ದೇವೆ. ಇಲಿಗೆ ಕೊಟ್ಟದ್ದು ಇದೊಂದನ್ನೇ. ನಮ್ಮ ಮೈಮೇಲೆ ಡಜನ್‌ಗಟ್ಟಲೆ ಒಟ್ಟಿಗೆ. ಇದು ಪ್ರಕೃತಿಯಲ್ಲಿ ಒಡೆಯುವುದೇ ಇಲ್ಲ ಅಂತಲ್ಲ, ನಿಧಾನಕ್ಕೆ ಒಡೆಯುತ್ತದೆ. ಆದರೆ ತಳ ತೂತಾದ ಕೊಡಕ್ಕೂ ನಲ್ಲಿ ಬಿಟ್ಟೇ ಇಟ್ಟರೆ ಕೊಡ ಖಾಲಿಯಾಗುತ್ತದೆಯೇ? ದಿನಾ ಬೆಳಗಾದರೆ ಕೋಟ್ಯಂತರ ಬಚ್ಚಲುಗಳಿಂದ ಹೊಸದಾಗಿ ಹರಿಯುತ್ತಿದೆ. ಕೊಳಚೆ ನೀರಿನ ಶುದ್ಧೀಕರಣ ಘಟಕ ನೀರಿನಿಂದ ಸಾಕಷ್ಟನ್ನು ತೆಗೆಯುತ್ತದೆ. ತೆಗೆದದ್ದು ಕೆಸರಿಗೆ ಅಂಟುತ್ತದೆ, ಕೆಸರನ್ನು ಗೊಬ್ಬರವಾಗಿ ಹೊಲಕ್ಕೆ ಹಾಕಿದರೆ ಮಣ್ಣಿಗೆ ಹೋಗುತ್ತದೆ. ಮತ್ತೆ ಅದೇ ಮಾತು: ಉಳಿಯಲಿ ಅಂತ ಮಾಡಿದ್ದು.

ಸ್ಟ್ಯಾನ್‌ಫೋರ್ಡ್‌ನಲ್ಲಿ 2005ರಲ್ಲಿ ಒಂದು ಪ್ರಯೋಗ ನಡೆಯಿತು. ಸಮುದ್ರದ ಚಿಪ್ಪುಜೀವಿಗಳ ಕಿವಿರಿನಲ್ಲಿ ಹೊರಗಿನ ವಿಷವನ್ನು ಆಚೆ ತಳ್ಳುವ ಪಂಪುಗಳಂಥ ಪ್ರೋಟೀನ್‌ಗಳಿರುತ್ತವೆ. ಕೃತಕ ಕಸ್ತೂರಿಗಳು ಆ ಪಂಪನ್ನೇ ಕಟ್ಟಿಹಾಕಿದವು. ಶುದ್ಧ ನೀರಿಗೆ ಬಿಟ್ಟ ಮೇಲೂ ಒಂದೆರಡು ದಿನ ಪಂಪು ಚೇತರಿಸಿಕೊಳ್ಳಲಿಲ್ಲ. ನನಗೆ ಇದು ನೀಲಿ ಇಲಿಗಿಂತ ಹೆಚ್ಚು ಭಯ ಹುಟ್ಟಿಸಿದ ಸಂಗತಿ. ಕಸ್ತೂರಿ ತಾನು ಕಚ್ಚದೆ, ಕಾವಲುಗಾರನನ್ನು ಮಲಗಿಸುತ್ತದೆ. ಒಳಗೆ ಬರುವವನು ಇನ್ನೊಬ್ಬ. ಒಂದೊಂದೇ ವಸ್ತುವನ್ನು ಬೇರೆ ಬೇರೆಯಾಗಿ ಪರೀಕ್ಷಿಸುವ ಪದ್ಧತಿಗೆ ಇಂಥದ್ದು ಸಿಕ್ಕಿಬೀಳುವುದು ಹೇಗೆ?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷವಂತೆ; ಅಕ್ಷರ ನೋಡಿದರೆ ಮೂರೂ ಇರಬಹುದು.

ಹಾಗಾದರೆ ಬೇಗ ಬೇಗ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2014ರಲ್ಲಿ ಜಲಚರಗಳಿಗೆ ಇದರಿಂದ ಅಪಾಯ ಕಡಿಮೆ ಎಂದಿತ್ತು. ಅದೇ ಸಂಸ್ಥೆ 2019ರ ಡಿಸೆಂಬರಿನಲ್ಲಿ ಇದನ್ನು ತುರ್ತಾಗಿ ಮೌಲ್ಯಮಾಪನ ಮಾಡಬೇಕಾದ 20 ರಾಸಾಯನಿಕಗಳ ಪಟ್ಟಿಗೆ ಸೇರಿಸಿತು. ಸಂಸ್ಥೆಯ ಮಾತು ಬದಲಾಯಿತು ಅಂತ ನಾನು ನಗುವುದಿಲ್ಲ. ಹೊಸದಾಗಿ ನೋಡುವವರು ಇದ್ದಾರಲ್ಲ ಅಂತ ಸಮಾಧಾನ.

ಲೇಬಲ್ ಬಗ್ಗೆ ಅರ್ಧ ಗಂಟೆಯ ಮಾತು ಬರೆದುಕೊಂಡು ಬಂದಿದ್ದೆ, ಎರಡು ವಾಕ್ಯ ಹೇಳುತ್ತೇನೆ. ಯುರೋಪಿನಲ್ಲಿ ಹೆಸರು ಹಾಕಲೇಬೇಕಾದ ಪರಿಮಳ ವಸ್ತುಗಳ ಪಟ್ಟಿ ಮೊದಲು 26 ಇತ್ತು, 2023ರ ನಿಯಮದಿಂದ 80 ದಾಟಿತು. ಆದರೆ ಆ ಪಟ್ಟಿಯ ಅಳತೆಗೋಲು ಅಲರ್ಜಿ, ಬಾಳಿಕೆಯಲ್ಲ. ಚರ್ಮ ಕೆರೆಯದೆ ಸುಮ್ಮನೆ ದೇಹದಲ್ಲಿ ಕೂರುವ ವಸ್ತು ಆ ಜರಡಿಯಲ್ಲಿ ಜಾರಿಹೋಗುತ್ತದೆ.

ಮನೆಯಲ್ಲಿ ಏನು ಮಾಡೋಣ ಅಂತ ಕೇಳುತ್ತೀರಿ. ಮೈಮೇಲೆ ಉಳಿಯುವಂಥದ್ದರಲ್ಲಿ, ಅಂದರೆ ಲೋಶನ್ನು, ಸಾಫ್ಟ್‌ನರಿನಂಥದ್ದರಲ್ಲಿ, ಮೊದಲು ಕಡಿಮೆ ಮಾಡಿ. ಎಳೆ ಮಕ್ಕಳ ಬಟ್ಟೆಗೆ ಸಾಫ್ಟ್‌ನರ್ ಬೇಕಾಗಿಯೇ ಇಲ್ಲ. ತೊಳೆದು ಹೋಗುವ ಸೋಪಿನ ಚಿಂತೆ ಆಮೇಲೆ. ಒಡೆದು ಹೋಗುವ ಹೊಸ ಕಸ್ತೂರಿಗಳ ವಿಷಯ ಉಳಿದುಹೋಯಿತು, ಅದನ್ನು ಪ್ರಶ್ನೋತ್ತರದಲ್ಲಿ ಯಾರಾದರೂ ಕೇಳಿ. ಹಿಂದಿನ ಸಾಲಿನಲ್ಲಿ ಆಗಲೇ ಒಬ್ಬರು ಕೈ ಎತ್ತಿದ್ದಾರೆ. ಹೇಳಿ ಮೇಡಂ, ಮೈಕು ನಿಮಗೇ ಕೊಡುತ್ತಾರೆ.