ಅಳಿಸಿದರೂ ಮತ್ತೆ ಹತ್ತುವ ಚೆಕ್ ಎಂಜಿನ್ ಲೈಟ್

[ಡ್ಯಾಶ್‌ಬೋರ್ಡ್ ಹತ್ತಿರದಿಂದ. ಎಂಜಿನ್ ಸ್ಟಾರ್ಟ್ ಆಗುತ್ತದೆ. ಒಂದನ್ನು ಬಿಟ್ಟು ಎಲ್ಲ ದೀಪಗಳೂ ಆರುತ್ತವೆ.]

ನಮಸ್ಕಾರ. ಎಂಜಿನ್ ಚಿತ್ರದ ಈ ಹಳದಿ ದೀಪ ನನ್ನ ಹಳೇ ಕಾರಿನಲ್ಲಿ ನಾಲ್ಕು ತಿಂಗಳು ಬಿಡಾರ ಹೂಡಿತ್ತು. ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ ಆ ಕೋಡ್ ಅಳಿಸಿದರೆ ಮೂರು ದಿನಕ್ಕೆ ವಾಪಸ್. ಬ್ಯಾಟರಿ ಕನೆಕ್ಷನ್ ತೆಗೆದು ಹಾಕಿದರೂ ಅದೇ ಕಥೆ. ಗೆಳೆಯನೊಬ್ಬ "ಮೇಲೊಂದು ಕಪ್ಪು ಟೇಪ್ ಅಂಟಿಸಿಬಿಡೋ" ಅಂದ. ಅಂಟಿಸಲಿಲ್ಲ. ಟೇಪ್ ಹುಡುಕಿದ್ದಂತೂ ನಿಜ.

ಮೊದಲು ಒಂದು ಮಾತು. ದೀಪ ಸುಮ್ನೆ ಹತ್ತಿಕೊಂಡಿದ್ದು, ಗಾಡಿ ಸರಿಯಾಗಿ ಓಡುತ್ತಿದ್ದರೆ ಗಾಬರಿ ಬೇಡ. ಮಿಣುಕುತ್ತಿದ್ದರೆ ಮಾತ್ರ ಹಾಗಲ್ಲ. ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ. ಆ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ಭಾಗ ಕರಗಲೂಬಹುದು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಜಾಗ ನೋಡಿ ನಿಲ್ಲಿಸಿ.

[ಸ್ಟೀರಿಂಗ್ ಕೆಳಗೆ ಟಾರ್ಚ್ ಬೆಳಕು. 16 ಪಿನ್ನಿನ ಸಾಕೆಟ್.]

ಸ್ಟೀರಿಂಗ್ ಕೆಳಗೆ ಬಗ್ಗಿ ನೋಡಿದರೆ ಗಾಡಿಯ ಕಂಪ್ಯೂಟರ್‌ಗೆ ಸ್ಕ್ಯಾನರ್ ಜೋಡಿಸುವ ಈ ಒಬಿಡಿ ಸಾಕೆಟ್ ಸಿಗುತ್ತದೆ. ಸ್ಕ್ಯಾನರ್ ಸಿಕ್ಕಿಸಿದೆ. ಬಂದ ಕೋಡ್ ಪಿ0420. ಅಂದರೆ, ಕನ್ವರ್ಟರ್ ಹೊಗೆಯನ್ನು ಸಾಕಷ್ಟು ಶುದ್ಧ ಮಾಡುತ್ತಿಲ್ಲ. ಇಷ್ಟು ಓದಿದ ತಕ್ಷಣ ಕನ್ವರ್ಟರ್ ಬದಲಾಯಿಸಲು ಹೊರಡುವವರೇ ಜಾಸ್ತಿ. ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವ ವಸ್ತು ಅದು. ಜೇಬಿಗೆ ಬೀಳುವ ಕತ್ತರಿ ಸಣ್ಣದಲ್ಲ. ಸ್ವಲ್ಪ ತಡೆಯಿರಿ. ಕಂಪ್ಯೂಟರ್‌ಗೆ ಏನು ಕಂಡಿತು ಅನ್ನುವುದನ್ನಷ್ಟೇ ಕೋಡ್ ಹೇಳುತ್ತದೆ. ಯಾವ ಪಾರ್ಟ್ ಕೆಟ್ಟಿದೆ ಅಂತ ಹೇಳುವುದಿಲ್ಲ.

[ಸ್ಕ್ಯಾನರ್ ಪರದೆ. ಎರಡು ಗೆರೆಗಳ ಗ್ರಾಫ್.]

ಕನ್ವರ್ಟರ್‌ನ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಹಳೇ ಗಾಡಿಗಳಲ್ಲಿ ಮುಂದಿನದರ ವೋಲ್ಟೇಜ್ ಸುಮಾರು 0.1ರಿಂದ 0.9ರವರೆಗೆ ಏರುತ್ತಾ ಇಳಿಯುತ್ತಾ ಇರಬೇಕು. ಹಿಂದಿನದು ಹೆಚ್ಚುಕಡಿಮೆ ನೇರ ಗೆರೆ ಎಳೆಯಬೇಕು, ಯಾಕಂದರೆ ಏರಿಳಿತವನ್ನೆಲ್ಲ ಕನ್ವರ್ಟರ್ ನುಂಗಿರುತ್ತದೆ. ನನ್ನ ಕಾರಿನಲ್ಲಿ ಹಿಂದಿನದೂ ಕುಣಿಯುತ್ತಿತ್ತು.

ನಾನೇನು ಮಾಡಿದೆ? ಹಿಂದಿನ ಸೆನ್ಸರ್ ಬದಲಾಯಿಸಿದೆ! ಥರ್ಮಾಮೀಟರ್ ಬದಲಾಯಿಸಿದರೆ ಜ್ವರ ಇಳಿಯುತ್ತಾ? ನಾಲ್ಕನೇ ದಿನ ದೀಪ ಹಾಜರು.

ಗುಟ್ಟು ಬಿಟ್ಟುಕೊಟ್ಟಿದ್ದು ಒಂದು ಸದ್ದು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಅಡಿಯಿಂದ ಟಿಕ್ ಟಿಕ್ ಟಿಕ್. ಐದು ನಿಮಿಷಕ್ಕೆ ಮಾಯ. ಲೋಹ ಬಿಸಿಯಾಗಿ ಹಿಗ್ಗಿ, ಸಂದು ಕಿರಿದಾಗಿ ಸದ್ದು ಕೇಳಿಸದಾಗುತ್ತಿತ್ತು.

[ಗಾಡಿಯ ಅಡಿ. ಪೈಪ್ ಜೋಡಣೆಯ ಮೇಲೆ ಬೆರಳು.]

ಇಲ್ಲಿ ನೋಡಿ. ಎರಡು ಪೈಪ್ ಕೂಡುವ ಕಡೆ, ನಡುವೆ ಸೋರದಂತೆ ಹಾಕುವ ಗ್ಯಾಸ್ಕೆಟ್ ಪಕ್ಕದಲ್ಲಿ ಉಗುರಿನಷ್ಟು ಮಸಿ. ಹೊಗೆ ಸೋರುತ್ತಿದ್ದ ಜಾಗ. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ಎರಡು ಅಲೆಗಳ ನಡುವೆ ಒತ್ತಡ ಕುಸಿದಾಗ ಇದೇ ಸಂದಿನಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಆ ಗಾಳಿಯಲ್ಲಿರುವ ಆಕ್ಸಿಜನ್, ಸೆನ್ಸರ್‌ನ ಲೆಕ್ಕ ತಪ್ಪಿಸುತ್ತದೆ. ಪಾಪ, ಕನ್ವರ್ಟರ್ ತಪ್ಪೇನೂ ಇರಲಿಲ್ಲ. ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಟಿಕ್ ಟಿಕ್ ನಿಂತಿತು. ನೀವೂ ನೋಡುವುದಾದರೆ ಪೈಪ್ ಆರಿದ ಮೇಲೆ ನೋಡಿ. ಬರೀ ಜಾಕ್ ನಂಬಿ ಗಾಡಿ ಅಡಿಗೆ ಹೋಗಬೇಡಿ, ಸ್ಟ್ಯಾಂಡ್ ಇರಲೇಬೇಕು.

ನಿಮ್ಮದು ಪಿ0171, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅನ್ನುವ ಕೋಡ್ ಆಗಿದ್ದರೆ ಫ್ಯೂಯಲ್ ಟ್ರಿಮ್ ನೋಡಿ, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗ, 20 ಪರ್ಸೆಂಟ್ ಜಾಸ್ತಿ, 2500 ಆರ್‌ಪಿಎಂಗೆ ಏರಿಸಿದರೆ 5ರ ಆಸುಪಾಸು ಬಂತಾ? ಹಾಗಿದ್ದರೆ ಎಂಜಿನ್ನಿನ ಗಾಳಿ ದಾರಿಗೆ ಸೇರುವ ಯಾವುದೋ ವ್ಯಾಕ್ಯೂಮ್ ಪೈಪ್ ಸೋರುತ್ತಿದೆ ಅಂತ ಅನುಮಾನ ಪಡಿ. ಹಳೇ ರಬ್ಬರ್, ಬೆರಳಲ್ಲಿ ಬಗ್ಗಿಸಿದರೆ ಬಿರುಕು ಬಾಯಿ ಬಿಡುತ್ತದೆ. ಪೆಟ್ರೋಲ್ ಆವಿ ಸೋರಿಕೆಯ ಕೋಡ್ ಬಂದಿದ್ದರೆ ಮೊದಲು ಟ್ಯಾಂಕ್ ಮುಚ್ಚಳ ಗಟ್ಟಿಯಾಗಿ ತಿರುಗಿಸಿ. ನಗಬೇಡಿ, ಎಷ್ಟೋ ಸಲ ಅಷ್ಟೇ ಇರುತ್ತದೆ.

ಕನ್ವರ್ಟರ್ ನಿಜವಾಗಿಯೂ ಸತ್ತಿದ್ದರೆ? ಯಾಕೆ ಸತ್ತಿತು ಅಂತ ಹುಡುಕಿ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ, ಕೂಲೆಂಟ್ ಒಳಗೆ ಸೋರುತ್ತಿದ್ದರೆ, ಹೊಸದಕ್ಕೂ ಅದೇ ಗತಿ.

ಇನ್ನು ಕೋಡ್ ಅಳಿಸುವ ವಿಷಯ. ಹೊಗೆ ತಪಾಸಣೆಗೆ ಹೋಗುವ ಹಿಂದಿನ ದಿನ ಈ ಕೆಲಸ ಬೇಡ. ಕಂಪ್ಯೂಟರ್ ತಾನೇ ಮಾಡಿಕೊಂಡ ಪರೀಕ್ಷೆಗಳ ಫಲಿತಾಂಶವೂ ಜೊತೆಗೇ ಅಳಿಸಿಹೋಗುತ್ತದೆ. ಸ್ಕ್ಯಾನರ್ ಹಾಕಿದವರಿಗೆ ಅದು ಕಾಣುತ್ತದೆ. ನಾನು ಈ ಸಲ ಅಳಿಸಲೇ ಇಲ್ಲ. ದೋಷ ಹೋಗಿದ್ದು, ಆ ಪರೀಕ್ಷೆ ಸತತ ಮೂರು ಓಡಾಟಗಳಲ್ಲಿ ಪಾಸಾದರೆ ಸಾಮಾನ್ಯವಾಗಿ ದೀಪ ತಾನಾಗಿಯೇ ಆರುತ್ತದೆ.

[ಮತ್ತೆ ಡ್ಯಾಶ್‌ಬೋರ್ಡ್.]

ಐದನೇ ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ದೀಪ ಇಲ್ಲ. ನಂಬಿಕೆ ಬರಲಿಲ್ಲ. ಆಫ್ ಮಾಡಿ, ಬರೀ ಕೀ ತಿರುಗಿಸಿ ನೋಡಿದೆ, ಬಲ್ಬೇ ಸುಟ್ಟುಹೋಗಿದೆಯೇನೋ ಅಂತ. ಇಲ್ಲ, ಬಲ್ಬ್ ಚೆನ್ನಾಗಿಯೇ ಇತ್ತು.