ಹೀರೋಯಿನ್ ಇಲ್ಲ ಅಂತ ವಾಪಸ್ ಬಂದ ಒಪೆರಾ

ನಮಸ್ಕಾರ ಕೇಳುಗರೇ. ಮೊಡೆಸ್ಟ್ ಮುಸೋರ್ಗ್‌ಸ್ಕಿ ಅಂತ ರಷ್ಯಾದೋರು, ಹೊಟ್ಟೆಪಾಡಿಗೆ ಅರಣ್ಯ ಇಲಾಖೆಯಲ್ಲಿ ನೌಕರಿ, ಉಳಿದ ಹೊತ್ತೆಲ್ಲ ಸಂಗೀತ. 1869ರಲ್ಲಿ 'ಬೋರಿಸ್ ಗೊಡುನೋವ್' ಅನ್ನೋ ಒಪೆರಾ, ಅಂದ್ರೆ ಹಾಡಲ್ಲೇ ನಡೆಯೋ ನಾಟಕ, ಬರೆದು ಮುಗಿಸಿ ಸೇಂಟ್ ಪೀಟರ್ಸ್‌ಬರ್ಗ್‌ನ ಸರ್ಕಾರಿ ಥಿಯೇಟರ್‌ನೋರಿಗೆ ಕೊಟ್ರೆ, 1871ರಲ್ಲಿ ಬೇಡ ಅಂದ್ಬಿಟ್ರು. ಮುಖ್ಯ ತಕರಾರು ಏನಪ್ಪಾ ಅಂದ್ರೆ, ಇದ್ರಲ್ಲಿ ಹೀರೋಯಿನ್ನೇ ಇಲ್ವಲ್ಲ!

ಪಾತ್ರಗಳ ಪಟ್ಟಿ ನೋಡಿದ್ರೆ ಅವ್ರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ ಬಿಡಿ. ರಾಜ ಬೋರಿಸ್‌ದು ಬೇಸ್ ದನಿ, ಅಂದ್ರೆ ಗಂಡಸರ ದನೀಲಿ ಎಲ್ಲಕ್ಕಿಂತ ಕೆಳಗಿಂದು, ಮಠದಲ್ಲಿ ರಾತ್ರಿಯೆಲ್ಲ ಇತಿಹಾಸ ಬರೀತಾ ಕೂತಿರೋ ಮುದುಕ ಪಿಮೆನ್‌ದೂ ಬೇಸು, ಊರೂರು ಅಲೆಯೋ ಕುಡುಕ ಸನ್ಯಾಸಿ ವರ್ಲಾಮ್‌ದೂ ಅದೇ. ಹೆಂಗಸರು ಅಂದ್ರೆ ರಾಜನ ಮಗಳು ಕ್ಸೆನಿಯಾ, ಅವಳ ದಾದಿ, ಗಡಿ ಹತ್ರ ಹೆಂಡದಂಗಡಿ ಇಟ್ಟಿರೋಳು, ಇಷ್ಟೇ, ಹಂಗೆ ಬಂದು ಹಿಂಗೆ ಹೋಗ್ತಾರೆ. ರಾಜನ ಮಗ ಫ್ಯೋದೋರ್‌ನ ಹಾಡೋದು ಹೆಂಗಸೇ, ಆದ್ರೆ ಅದನ್ನ ಹೀರೋಯಿನ್ ಲೆಕ್ಕಕ್ಕೆ ಹಿಡಿಯಕ್ಕಾಗುತ್ತಾ?

ಸರಿ, ಮತ್ತೆ ಕೂತು ತಿದ್ದಿದ್ರು, ಪೋಲೆಂಡಿನ ಮರೀನಾ ಬಂದ್ಲು. ಸತ್ತುಹೋಗಿದ್ದ ಪುಟ್ಟ ರಾಜಕುಮಾರ ದಿಮಿತ್ರಿ ನಾನೇ ಅಂತ ಸುಳ್ಳು ಹೇಳ್ಕೊಂಡು ತಿರುಗ್ತಿರೋ ಗ್ರಿಗೋರಿ, ತೋಟದ ಕಾರಂಜಿ ಹತ್ರ ಇವಳಿಗೆ ಪ್ರೀತಿ ಪ್ರೀತಿ ಅಂತಿದ್ರೆ ಇವಳು ಅದಿರ್ಲಿ, ಮಾಸ್ಕೋ ಸಿಂಹಾಸನ ಯಾವಾಗ ಅಂತ ಕೇಳ್ತಾಳೆ! ಥಿಯೇಟರ್‌ನೋರು ಕೇಳಿದ ಹೀರೋಯಿನ್ ಇವಳು. ಅವಳ ಜೊತೆಗೆ ರಂಗೋನಿ ಅನ್ನೋ ಪಾದ್ರಿನೂ ಬಂದ, ಅವನೂ ಬೇಸೇ, ನಗು ಬರುತ್ತೆ ನಂಗೆ. 1874ರಲ್ಲಿ ಮರಿಯಿನ್‌ಸ್ಕಿ ಥಿಯೇಟರಲ್ಲಿ ಆಟ ಆಯ್ತು, ಬೋರಿಸ್ ಆಗಿ ಮೆಲ್ನಿಕೋವ್, ಮರೀನಾ ಆಗಿ ಪ್ಲಾತೊನೋವಾ.

ಆದ್ರೆ ನಂಗೆ ಇದ್ರಲ್ಲಿ ಎಲ್ಲರಿಗಿಂತ ದೊಡ್ಡ ಪಾತ್ರ ಯಾವ್ದು ಗೊತ್ತಾ? ಯುರೋದಿವಿ ಅಂತಾರೆ, ದೇವರ ಹುಚ್ಚು ಹಿಡಿದ ಅವಧೂತನ ಥರ, ಟೆನರ್ ದನಿ, ಅಂದ್ರೆ ಗಂಡಸರ ದನೀಲಿ ಮೇಲಿಂದು, ಹಾಡೋದು ಕೆಲವೇ ನಿಮಿಷ. ಮೊದಲು ಬರೆದಿದ್ರಲ್ಲಿ ಚರ್ಚಿನ ಮುಂದೆ ಹುಡುಗರು ಇವನ ಕಾಸು ಕಿತ್ಕೊಂಡು ಓಡ್ತಾರೆ, ಅಷ್ಟರಲ್ಲಿ ಬೋರಿಸ್ ಬರ್ತಾನೆ, ಇವನು ನೇರ ಅವನಿಗೇ, ಆ ಪುಟ್ಟ ರಾಜಕುಮಾರ ದಿಮಿತ್ರಿನ ಕೊಲ್ಲಿಸಿದ್ಯಲ್ಲ, ಹಂಗೇ ಈ ಹುಡುಗರನ್ನೂ ಕೊಲ್ಲಿಸು ಅಂದ್ಬಿಡ್ತಾನೆ. ನಿಜವಾಗ್ಲೂ ಬೋರಿಸ್ ಕೊಲ್ಲಿಸಿದ್ನಾ ಅಂತ ಇತಿಹಾಸಕಾರರು ಇನ್ನೂ ಜಗಳ ಆಡ್ತಾರೆ, ಅದು ಬೇರೆ ಮಾತು. ಹಿಡೀರಿ ಅವನನ್ನ ಅಂದೋರನ್ನ ರಾಜನೇ ತಡೆದು, ನನಗೋಸ್ಕರ ಪ್ರಾರ್ಥನೆ ಮಾಡಪ್ಪಾ ಅಂತಾನೆ. ಆಗಲ್ಲ ಅಂತಾನೆ ಇವನು.

ತಿದ್ದುವಾಗ ಈ ದೃಶ್ಯ ಹೋಯ್ತು, ಯುರೋದಿವಿ ಮಾತ್ರ ಉಳ್ಕೊಂಡ. ಕೊನೇಲಿ ಜನ ಎಲ್ಲ ಸುಳ್ಳು ದಿಮಿತ್ರಿ ಹಿಂದೆ ಜೈ ಅಂತ ಹೊರಟು ಹೋದ್ಮೇಲೆ ಇವನೊಬ್ನೇ ಕೂತು ಹಾಡ್ತಾನೆ, ಅಳು, ರಷ್ಯಾದ ಜನವೇ, ಹಸಿದ ಜನವೇ, ಅಳು ಅಂತ.