ಫೋಟೋ ಎಡಿಟಿಂಗ್, ಡಿಜಿಟಲ್ ಚಿತ್ರ: ತಿಂಗಳ ಬಾಡಿಗೆ ಕಟ್ಟುವ ಮೊದಲು ಇದನ್ನು ನೋಡಿ

[ದೃಶ್ಯ: ಬೇಲೂರು ದೇವಸ್ಥಾನದ ಹೊರಗೋಡೆ. ನಂತರ ಲ್ಯಾಪ್‌ಟಾಪ್ ಪರದೆ.]

ಎಲ್ಲರಿಗೂ ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆ ಫೋಟೋ ತೆಗೆಯುವವರು, ಚಿತ್ರ ಬರೆಯುವವರು ಜಾಸ್ತಿ ಕೇಳುವುದು ಒಂದೇ ಪ್ರಶ್ನೆ: ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ, ಕೈಯಲ್ಲಿ ಅಷ್ಟು ದುಡ್ಡಿಲ್ಲ. ನೇರವಾಗಿ ಹೇಳುತ್ತೇನೆ. ನಿಮ್ಮಲ್ಲಿ ಹೆಚ್ಚಿನವರು ಸಾಫ್ಟ್‌ವೇರ್‌ಗೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ಆ ದುಡ್ಡಲ್ಲಿ ಒಂದು ಪೆನ್ ಟ್ಯಾಬ್ಲೆಟ್ ತಗೊಳ್ಳಿ, ಇಲ್ಲವೇ ಲ್ಯಾಪ್‌ಟಾಪ್‌ಗೆ ರ‍್ಯಾಮ್ ಹಾಕಿಸಿ.

ಫೋಟೋಶಾಪ್ ಕೆಟ್ಟದ್ದು ಅಂತ ಅಲ್ಲ. 2013ರಲ್ಲಿ ಅದನ್ನು ಮಾಡುವ ಅಡೋಬಿ ಕಂಪನಿ ಚಂದಾ ಪದ್ಧತಿಗೆ ಹೋಯಿತು, ಆಮೇಲಿನ ಪೂರ್ತಿ ಫೋಟೋಶಾಪ್ ಒಂದೇ ಸಲ ದುಡ್ಡು ಕೊಟ್ಟು ನಮ್ಮದು ಮಾಡಿಕೊಳ್ಳುವಂಥದ್ದಲ್ಲ, ಬಾಡಿಗೆ ಮನೆ ಇದ್ದ ಹಾಗೆ. ಇನ್ನೊಂದು ವಿಷಯ, ತಿಂಗಳ ಕಂತು ಅಂತ ಕಾಣುವುದು ಎಷ್ಟೋ ಸಲ ವರ್ಷದ ಒಪ್ಪಂದವಾಗಿರುತ್ತದೆ. 14 ದಿನ ದಾಟಿದ ಮೇಲೆ ನಡುವೆ ಬಿಟ್ಟರೆ ದಂಡ ಬೀಳುತ್ತದೆ. ಓದಿ ನೋಡಿ ಒಪ್ಪಿಗೆ ಕೊಡಿ.

ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಕದ್ದು ಬಳಸುವ ಆವೃತ್ತಿ ದಯವಿಟ್ಟು ಬೇಡ. ಆಂಟಿವೈರಸ್ ಆಫ್ ಮಾಡಿ ಅಂತ ಹೇಳುವ ಫೈಲನ್ನು, ಮದುವೆ ಫೋಟೋ ಎಲ್ಲಾ ಇಟ್ಟಿರುವ ಕಂಪ್ಯೂಟರ್‌ಗೆ ಯಾಕೆ ಬಿಟ್ಟುಕೊಳ್ಳಬೇಕು?

[ದೃಶ್ಯ: ದೇವಸ್ಥಾನದ ಒಳಗಿನ ಕತ್ತಲೆ ಫೋಟೋ, ಎಡಿಟ್‌ಗೆ ಮೊದಲು ಮತ್ತು ನಂತರ]

ಮೊದಲು ಫೋಟೋ. ನಮ್ಮ ಕಡೆ ಬೆಳಕು ಸುಲಭದ್ದಲ್ಲ. ಬೇಲೂರಿನ ನವರಂಗದೊಳಗೆ ಕತ್ತಲೆ, ಹಳೇಬೀಡಿನ ಹೊರಗೆ ಕಪ್ಪು ಕಲ್ಲಿನ ಹಿಂದೆ ಸುಡುವ ಆಕಾಶ, ಮುಳ್ಳಯ್ಯನಗಿರಿಯಲ್ಲಿ ಬರೀ ಮಂಜು. ಇಂಥ ಕಡೆ ಕ್ಯಾಮೆರಾದಲ್ಲಿ ರಾ ಫೈಲ್ (ಕ್ಯಾಮೆರಾ ತಾನಾಗಿ ತಿದ್ದದ ಮೂಲ ಫೋಟೋ) ತೆಗೆಯಿರಿ, ಡಾರ್ಕ್‌ಟೇಬಲ್‌ನಲ್ಲಿ ತೆರೆಯಿರಿ. ಪೂರ್ತಿ ಉಚಿತ. ಅದರಲ್ಲಿ ಎಷ್ಟೋ ಕ್ಯಾಮೆರಾ ಮಾಡೆಲ್‌ಗಳ ನಾಯ್ಸ್ ಅಳತೆ ಮೊದಲೇ ಇದೆ, ಹಾಗಾಗಿ ಕತ್ತಲೆ ಫೋಟೋದ ಕಾಳು ಕಾಳು ಕಡಿಮೆ ಮಾಡುವಾಗ ಶಿಲ್ಪದ ಸೂಕ್ಷ್ಮ ಕೆತ್ತನೆ ಅಷ್ಟಾಗಿ ಅಳಿಯುವುದಿಲ್ಲ. ಮೂಲ ಫೈಲನ್ನೂ ಅದು ಮುಟ್ಟುವುದಿಲ್ಲ, ಬದಲಾವಣೆಯನ್ನು ಪಕ್ಕದಲ್ಲಿ ಇನ್ನೊಂದು ಚಿಕ್ಕ ಫೈಲ್‌ನಲ್ಲಿ ಬರೆದಿಡುತ್ತದೆ. ಮಂಜು ತೆಗೆಯುವ ಆಯ್ಕೆಯೂ ಇದೆ. ಸ್ವಲ್ಪವೇ ಬಳಸಿ, ಮಂಜಿಲ್ಲದ ಮುಳ್ಳಯ್ಯನಗಿರಿ ಯಾರಿಗೆ ಬೇಕು ಅಲ್ವಾ?

ಮೊಬೈಲ್‌ನಲ್ಲೇ ಕೆಲಸ ಮುಗಿಸುವವರಿಗೆ ಸ್ನ್ಯಾಪ್‌ಸೀಡ್ ಸಾಕು.

ಫೋಟೋದಲ್ಲಿ ಅಡ್ಡ ಬಂದ ವೈರ್ ತೆಗೆಯಬೇಕು, ಎರಡು ಚಿತ್ರ ಸೇರಿಸಬೇಕು ಅಂದರೆ ಗಿಂಪ್. ಇದು ತೊಂಬತ್ತರ ದಶಕದಿಂದ ಇರುವ ಉಚಿತ ತಂತ್ರಾಂಶ. 2025ರ ಮಾರ್ಚ್‌ನಲ್ಲಿ 3.0 ಬಂದಿದೆ, ಹಿಂದೆ ಇದನ್ನು ಬಳಸಿ ಬೇಜಾರಾಗಿ ಬಿಟ್ಟವರು ಮತ್ತೆ ನೋಡಬೇಕು, ಯಾಕೆಂದರೆ ಈಗ ಫಿಲ್ಟರ್ ಹಾಕಿದ ಮೇಲೂ ವಾಪಸ್ ಹೋಗಿ ಅದನ್ನು ತಿದ್ದಬಹುದು. ಹೊಸಬರು ಗಾಬರಿಯಾಗುವ ಒಂದು ಜಾಗ ಇದೆ: ಸೇವ್ ಕೊಟ್ಟರೆ ಜೆಪೆಗ್ ಬರುವುದಿಲ್ಲ. ಜೆಪೆಗ್ ಬೇಕಾದರೆ ಎಕ್ಸ್‌ಪೋರ್ಟ್ ಕೊಡಿ.

[ದೃಶ್ಯ: ಕೃತಾದಲ್ಲಿ ಕಾಫಿ ಹೂವಿನ ಗೊಂಚಲು ಬರೆಯುತ್ತಿರುವುದು]

ಚಿತ್ರ ಬರೆಯುವವರೇ, ನಿಮಗೆ ಕೃತಾ. ಫೋಟೋ ತಿದ್ದಲು ಅಲ್ಲ, ಬರೆಯಲು ಅಂತಲೇ ಮಾಡಿರುವುದು. ಜೊತೆಗೇ ನೂರಕ್ಕೂ ಹೆಚ್ಚು ಬ್ರಷ್ ಬರುತ್ತವೆ, ಕೈ ನಡುಗಿದರೆ ಗೆರೆ ನೇರ ಮಾಡುವ ಸ್ಟೆಬಿಲೈಸರ್ ಇದೆ. ನನಗೆ ತುಂಬಾ ಇಷ್ಟವಾಗಿರುವುದು ಡಬ್ಲ್ಯೂ ಕೀ. ಅದನ್ನು ಒತ್ತಿದರೆ ನೀವು ಬರೆದದ್ದು ನಾಲ್ಕೂ ಕಡೆ ತಾನಾಗಿ ಮುಂದುವರಿಯುತ್ತದೆ. ಹೊಯ್ಸಳ ಬಳ್ಳಿಯ ಒಂದು ಸುರುಳಿ ಬರೆದು ಸೀರೆ ಅಂಚು, ಬಟ್ಟೆ ಪ್ರಿಂಟ್ ಏನು ಬೇಕಾದರೂ ಮಾಡಿ, ಜೋಡಣೆಯ ಗೆರೆಯೇ ಕಾಣುವುದಿಲ್ಲ. ಕೃತಾವನ್ನು ಅದರ ಸ್ವಂತ ವೆಬ್‌ಸೈಟಿಂದ ಇಳಿಸಿಕೊಂಡರೆ ಉಚಿತ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಬೆಲೆ ಇದೆ, ಆ ದುಡ್ಡು ಅದನ್ನು ಬೆಳೆಸಲು ಹೋಗುತ್ತದೆ.

ಈಗ ಕನ್ನಡ. ಹೋಮ್‌ಸ್ಟೇ ಪೋಸ್ಟರ್, ಜಾತ್ರೆ ಬ್ಯಾನರ್ ಮಾಡುವವರು ಯಾವ ಸಾಫ್ಟ್‌ವೇರ್ ಆರಿಸುವ ಮೊದಲೂ ಈ ಪರೀಕ್ಷೆ ಮಾಡಲೇಬೇಕು. ಯೂನಿಕೋಡ್‌ನಲ್ಲಿ ಸ್ತ್ರೀ, ಕ್ಷೇತ್ರ, ಉತ್ಸವ ಅಂತ ಟೈಪ್ ಮಾಡಿ. ಒತ್ತಕ್ಷರ ಕೆಳಗೆ ಸರಿಯಾಗಿ ಕೂತಿತಾ, ಇಲ್ಲ ಪಕ್ಕಕ್ಕೆ ಒಡೆದು ಬಂತಾ? ಗಿಂಪ್ ಮತ್ತು ಪೋಸ್ಟರ್, ಲೋಗೋ ಮಾಡುವ ಉಚಿತ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಸರಿಯಾಗಿ ಕೂರುತ್ತದೆ. ಕ್ಯಾನ್ವಾ ಕಂಪನಿ 2024ರಲ್ಲಿ ಕೊಂಡುಕೊಂಡ, ಫೋಟೋ ಮತ್ತು ಡಿಸೈನ್ ಎರಡಕ್ಕೂ ಆಗುವ ಅಫಿನಿಟಿ ಕೂಡ 2025ರ ಅಕ್ಟೋಬರ್‌ನಿಂದ ಉಚಿತ, ಖಾತೆ ಮಾತ್ರ ಬೇಕು. ಒಳ್ಳೆಯ ಸಾಫ್ಟ್‌ವೇರ್. ಆದರೆ ಅದಕ್ಕೂ ಇದೇ ಪರೀಕ್ಷೆ, ಕನ್ನಡ ಒಡೆಯುವ ಸಾಫ್ಟ್‌ವೇರ್ ಎಷ್ಟು ಚೆಂದ ಇದ್ದರೂ ನಮ್ಮ ಪೋಸ್ಟರ್‌ಗೆ ಬೇಡ. ಅಕ್ಷರಕ್ಕೆ ಬಾಲೂ ತಮ್ಮ, ಬೆಣ್ಣೆ, ಹುಬ್ಬಳ್ಳಿ, ನೋಟೊ ಸೆರಿಫ್ ಕನ್ನಡ ಇವೆ, ಎಲ್ಲಾ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ.

ಫ್ಲೆಕ್ಸ್ ಅಂಗಡಿಗೆ ಕಳಿಸುವಾಗ ಇಂಕ್‌ಸ್ಕೇಪ್‌ನಲ್ಲಿ ಅಕ್ಷರವನ್ನು ಪಾತ್ ಮಾಡಿ (ಅಂದರೆ ಬರೀ ಗೆರೆಯ ಆಕಾರವಾಗಿ ಬದಲಾಯಿಸಿ) ಪಿಡಿಎಫ್ ಕೊಡಿ. ಆಗ ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ. ಪಾತ್ ಮಾಡಿದ ಮೇಲೆ ಕಾಗುಣಿತ ತಿದ್ದಲು ಆಗುವುದಿಲ್ಲ, ಒಂದು ಮೂಲ ಪ್ರತಿ ಬೇರೆ ಇಟ್ಟುಕೊಳ್ಳಿ.

ಸ್ಟುಡಿಯೋ ಕೆಲಸಕ್ಕೆ ಸೇರಬೇಕು ಅನ್ನುವವರ ಕಥೆ ಬೇರೆ. ಅಲ್ಲಿ ಪಿಎಸ್‌ಡಿ (ಫೋಟೋಶಾಪ್‌ನ ಸ್ವಂತ ಫೈಲ್) ಟೆಂಪ್ಲೇಟ್‌ನಲ್ಲೇ ಆಲ್ಬಮ್ ಮಾಡುತ್ತಿದ್ದರೆ ಫೋಟೋಶಾಪ್ ಕೈಗೆ ಹತ್ತಿರಲೇಬೇಕು. ಅದಕ್ಕೂ ಈಗಲೇ ಚಂದಾ ಕಟ್ಟಬೇಡಿ. ಬ್ರೌಸರ್‌ನಲ್ಲಿ ಫೋಟೋಪಿಯಾ ತೆರೆಯಿರಿ: ಪಿಎಸ್‌ಡಿ ತೆರೆಯುತ್ತದೆ, ಮೆನು ಹೆಚ್ಚು ಕಡಿಮೆ ಫೋಟೋಶಾಪ್ ಥರವೇ, ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ, ಪಕ್ಕದಲ್ಲಿ ಜಾಹೀರಾತು ಬರುತ್ತದೆ ಅಷ್ಟೇ. ಲೇಯರ್ (ಚಿತ್ರದ ಪದರ), ಮಾಸ್ಕ್ (ಪದರದ ಒಂದು ಭಾಗ ಮರೆಮಾಡುವುದು) ಅಲ್ಲೇ ಕಲಿಯಿರಿ. ಚಂದಾ ಕಟ್ಟುವುದನ್ನು ಸಂಬಳ ಶುರುವಾದ ಮೇಲೆ ಯೋಚಿಸಿದರಾಯಿತು.